ನೀರಣ್ಣನ ಬ್ರೇಕು

ನಮ್ಮ ದೊಡ್ಡಪ್ಪನ ಮಗ ಆ ರಾತ್ರಿ ವರ್ಕ್‌ಶಾಪಿನ ಬಾಗಿಲು ಎಳೆದು ಹೊರಟಾಗ ಹನ್ನೊಂದು ದಾಟಿತ್ತು. ಅವನು ಸೈನ್ಯದ ಜೊತೆ ಸಮುದ್ರ ದಾಟಿ ಹೋಗಿದ್ದ ಕಾಲದ ಮಾತಿದು. ಸುತ್ತ ಮುಳ್ಳುತಂತಿ, ಆಚೆ ಯುದ್ಧ. ಅವನು ಅಲ್ಲಿ ಬಂದೂಕಿಗಿಂತ ಸ್ಪ್ಯಾನರ್ ಹಿಡಿದದ್ದೇ ಹೆಚ್ಚು. ಮೆಕ್ಯಾನಿಕ್ಕು. ವರ್ಕ್‌ಶಾಪಿಂದ ಮಲಗೋ ಶೆಡ್ಡಿಗೆ ಇನ್ನೂರು ಹೆಜ್ಜೆ. ನಡುವೆ ಒಂದು ಹಳೇ ಬಾವಿ, ಬಾಯಿಗೆ ತಗಡು ಮುಚ್ಚಿತ್ತು.

ಬಾವಿ ಹತ್ತಿರ ಬಂದ. ಹಿಂದೆ ಶಬ್ದ... ಗುಳಕ್... ಗುಳಕ್...

ಬಾವಿಯದಲ್ಲ. ಅರ್ಧ ತುಂಬಿದ ಟ್ಯಾಂಕರ್ ನಿಧಾನಕ್ಕೆ ಬರುವಾಗ ಒಳಗೆ ನೀರು ಹೊರಳುತ್ತಲ್ಲ, ಅದು. ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದದ್ದು. ಕರ್ರ್... ಕರ್ರ್... ಕರ್ರ್. ತಿರುಗಿ ನೋಡಿದ. ದಾರಿ ಖಾಲಿ.

ಅಲ್ಲೇ ನಿಂತುಬಿಟ್ಟ. ಯಾಕೆ ಅಂತೀರಾ? ಆ ಕ್ಯಾಂಪಿನಲ್ಲಿ ಇದ್ದದ್ದು ಒಂದೇ ಟ್ಯಾಂಕರ್. ಅದು ಮೂರು ದಿನದ ಹಿಂದೆ ಕೊರಕಲಿಗೆ ಉರುಳಿ ಗುಜರಿ ಆಗಿತ್ತು. ಓಡಿಸ್ತಿದ್ದವನೂ ಅದರಡಿ ಸತ್ತಿದ್ದ.

ನೀರು ತರೋನು ಅಂತ ಅವನನ್ನ ಎಲ್ಲರೂ ನೀರಣ್ಣ ಅನ್ನೋರು. ಸ್ನಾನಕ್ಕೆ ತಲಾ ಅರ್ಧ ಬಕೆಟ್ ಅಂತ ಕಟ್ಟಪ್ಪಣೆ. ನೀರಣ್ಣ ಮಾತ್ರ, "ನಿನ್ನ ಗ್ರೀಸು ತೊಳೆಯೋಕೆ ನನ್ನ ಟ್ಯಾಂಕರೇ ಸಾಲದು ಕಣೋ" ಅಂತ ನಕ್ಕು ಇವನಿಗೆ ಇನ್ನರ್ಧ ಸುರಿಯೋನು. ಇವನು ಅವನ ಅಂಗಿಗೆ ಗುಂಡಿ ಹೊಲಿದು ಕೊಡೋನು. ಒಂದೇ ಬೆಂಚಿನ ಮೇಲೆ ಊಟ. ಮನೆಯಿಂದ ಕಾಗದ ಬಂದರೆ ಇಬ್ಬರೂ ಸೇರಿ ಎರಡೆರಡು ಸಲ ಓದೋರು.

ಟ್ಯಾಂಕರಿನ ಬ್ರೇಕ್ ಪೈಪು ಸೀಳಿತ್ತು. ಹೊಸದು ಬೇಕು ಅಂತ ಇವನು ಸ್ಟೋರಿಗೆ ನಾಲ್ಕು ಸಲ ಅಲೆದ. ಸ್ಟೋರ್ ನೋಡಿಕೊಳ್ಳೋ ಸಾಹೇಬ ಕೊನೇ ಪೈಪನ್ನ ತನ್ನ ಜೀಪಿಗೆ ಹಾಕಿಸಿಕೊಂಡಿದ್ದ. ಭಾನುವಾರ ಸಮುದ್ರದ ಕಡೆ ಸುತ್ತೋಕೆ. ಹಾಕಿದ್ದೂ ಇವನ ಕೈಯೇ. "ಡ್ರೈವರ್ ಕೇಳಿದ್ರೆ ಅವನದಕ್ಕೂ ಹಾಕಿದೀನಿ ಅನ್ನು. ಇಲ್ಲಾಂದ್ರೆ ನಾಳೆಯಿಂದ ನೀನು ಮುಂದಿನ ಸಾಲಲ್ಲಿ ಬಂದೂಕು ಹೊರು" ಅಂದ ಸಾಹೇಬ.

ಇವನು ಹೆದರಿಕೊಂಡ. ಹಳೇ ಪೈಪಿಗೇ ಟೇಪು ಸುತ್ತಿ, ನೀರಣ್ಣನ ಮುಖ ನೋಡದೆ ಹೇಳಿದ. "ಏನಿಲ್ಲ, ಹೊಸ ಪೈಪು. ಹೋಗು."

ಸಂಜೆ ಇಳಿಜಾರಲ್ಲಿ ಬ್ರೇಕ್ ಹಿಡಿಯದೆ ಗಾಡಿ ಕೊರಕಲಿಗೆ ಹೋಯಿತು. ಹೋಗಿ ಎತ್ತೋಣ ಅಂದರೆ ಸಾಹೇಬ, "ಬೆಳಕು ಹರೀಲಿ" ಅಂದ. ಬೆಳಿಗ್ಗೆ ನೋಡಿದರೆ ನೀರಣ್ಣನಿಗೆ ಒಂದು ಮೂಳೆಯೂ ಮುರಿದಿರಲಿಲ್ಲ. ಅಲುಗಾಡೋಕಾಗದೆ ಸಿಕ್ಕಿಕೊಂಡಿದ್ದ, ಅಷ್ಟೇ. ಒಡೆದ ಟ್ಯಾಂಕಿನ ನೀರು ರಾತ್ರಿಯಿಡೀ ಅವನ ಮುಖದ ಮೇಲೆ ಸುರಿದು ಉಸಿರು ಕಟ್ಟಿಸಿತ್ತು...

ಈಗ ಬಾವಿಯ ಪಕ್ಕ, ಕಿವಿಯ ಹತ್ತಿರವೇ ನೀರಣ್ಣನ ಪಿಸುಮಾತು.

"ಪೈಪು ಹಾಕಿದ್ಯಾ?"

"...ಇಲ್ಲ."

"ಹಾಕಿದೀನಿ ಅಂದೆ."

"ಅಂದೆ."

"ಎಲ್ಲಿದೆ ಅದು?"

ಸುಮ್ಮನಿರಬಹುದಿತ್ತು. ಆದರೆ ಮೂರು ದಿನದಿಂದ ನುಂಗಿಕೊಂಡಿದ್ದ ಸಿಟ್ಟು ನಾಲಗೆಗೆ ಬಂತು. ಭಯಕ್ಕೆ ಹೇಳಿದ್ದಲ್ಲ, ಸಾಹೇಬ ಸಾಯಲಿ ಅಂತಲೇ ಹೇಳಿದೆ ಅಂತ ನಮ್ಮ ಮುಂದೆ ಒಪ್ಪಿಕೊಂಡಿದಾನೆ.

"ಸಾಹೇಬನ ಜೀಪಲ್ಲಿ."

ಗುಳಕ್... ನೀರು ಹೊರಳಿತು.

"ನಾಳೆ ಜೀಪು ಮುಟ್ಟಬೇಡ."

"ಮತ್ತೆ ನಾನು?"

"ನಿಂದು ಆಮೇಲೆ."

ಮಾರನೇ ದಿನ ಭಾನುವಾರ. ಸಾಹೇಬ ಜೀಪು ತಂದು ನಿಲ್ಲಿಸಿದ. "ಬ್ರೇಕು ಯಾಕೋ ಬಿಗಿ ಆಗಿದೆ, ಒಂಚೂರು ನೋಡಪ್ಪ." ಇವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಬಗ್ಗಿ ನೋಡಲಿಲ್ಲ. ಈ ಸಲ ಮಾತ್ರ ಮುಖ ನೋಡಿಕೊಂಡೇ ಹೇಳಿದ.

"ಏನಿಲ್ಲ ಸಾಹೇಬ್ರೇ, ಹೊಸ ಪೈಪು. ಹೋಗಿ."

ಸಂಜೆ ಜೀಪು ಸಿಕ್ಕಿತು. ಇಳಿಜಾರಲ್ಲ, ತಿರುವಲ್ಲ, ನೆಟ್ಟಗಿನ ರಸ್ತೆಯ ನಟ್ಟನಡುವೆ ನಿಂತಿತ್ತು. ಒಂದು ಗೀರೂ ಇಲ್ಲ. ಸಾಹೇಬ ಎರಡೂ ಕಾಲು ಬ್ರೇಕಿನ ಮೇಲೆ ಒತ್ತಿಕೊಂಡು ಹಾಗೇ ಕೂತಿದ್ದ, ಸತ್ತು. ಬಟ್ಟೆ ಒಣಗಿದ್ದೇ. ಎತ್ತಿ ಮಲಗಿಸಿದರೆ ಬಾಯಿಂದ ನೀರು ಬಂತು... ಬರ್ತಾನೇ ಇತ್ತು. ಸಮುದ್ರದ್ದಲ್ಲ. ಬ್ಲೀಚಿಂಗ್ ಪುಡಿಯ ವಾಸನೆ ಬರ್ತಿತ್ತು. ಟ್ಯಾಂಕರಿಗೆ ಹಾಕೋದು ಅದನ್ನೇ. ಡಾಕ್ಟರು ಹೃದಯ ನಿಂತಿದೆ ಅಂತ ಬರೆದು ಕೈ ತೊಳೆದುಕೊಂಡರು.

ಇವನಿಗೆ ಅಯ್ಯೋ ಅನ್ನಿಸಲಿಲ್ಲ. ಆ ರಾತ್ರಿ ಹೊಟ್ಟೆ ತುಂಬ ಉಂಡ. "ಆಮೇಲೆ" ಅಂದಿದ್ದು ಯಾವಾಗ ಅಂತ ಇವತ್ತಿಗೂ ಕಾಯ್ತಿದಾನೆ. ಗಾಡಿ ಹತ್ತೋದು ಬಿಟ್ಟು ಎಷ್ಟೋ ವರ್ಷ ಆಯ್ತು.

ಅದೇ ರಾತ್ರಿ ಜೀಪನ್ನ ಎಳೆದು ತಂದು ವರ್ಕ್‌ಶಾಪಿನಲ್ಲಿ ನಿಲ್ಲಿಸಿದ್ದರು. ಕೀ ತೆಗೆದಿದ್ದರು, ಎಂಜಿನ್ ತಣ್ಣಗಿತ್ತು. ಮಳೆ ಕಂಡು ಐದು ತಿಂಗಳಾದ ಜಾಗ ಅದು. ಗಾಜಿನ ಮೇಲೆ ವೈಪರ್ ಮಾತ್ರ ಆಡ್ತಿತ್ತು... ಟಕ್... ಟಕ್... ಇವನೇ ಹೋಗಿ ಬ್ಯಾಟರಿ ಕಳಚಿದ. ಆ ಬ್ಯಾಟರಿಯನ್ನ ನೆಲದ ಮೇಲಿಟ್ಟು ಎದ್ದು ನೋಡಿದರೆ ವೈಪರ್ ಇನ್ನೂ ಆಡ್ತಾನೇ ಇದೆ. ಮೆಕ್ಯಾನಿಕ್ಕು ಕಣ್ರಪ್ಪ ಅವನು, ಗಾಡಿ ವಿಷಯದಲ್ಲಿ ಅವನ ಕಣ್ಣು ತಪ್ಪಲ್ಲ. ಬೆಳಗಿನ ಜಾವದ ತನಕ ಆಡ್ತು.