ರಾಜನ ಕೊನೆಯ ಅಪ್ಪಣೆ

ಡಬ್ಬಿಂಗ್ ಸ್ಟುಡಿಯೋದ ಪಡಸಾಲೆಯಲ್ಲಿ ಏಣಿ ಹತ್ತಿ ಬಲ್ಬು ಬದಲಿಸುತ್ತಿದ್ದ ಎಲೆಕ್ಟ್ರಿಷಿಯನ್‌ಗೆ ಕೆಳಗಿನ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಳಗೆ, ರಾಜರ ಕಾಲದ ತೆಲುಗು ಸಿನಿಮಾವೊಂದಕ್ಕೆ ಕನ್ನಡದ ಮಾತು ಕೂರಿಸುತ್ತಿದ್ದರು. ಬೆಂಚಿನ ಮೇಲೆ, ಸೇನಾಪತಿಗೆ ದನಿ ಕೊಡುವ ಮುದುಕ ಮತ್ತು ಮಾತು ಬರೆದ ಹೆಂಗಸು.

“ರಾಜಂದು ಒಂದೇ ಒಂದು ಮಾತು ಬಾಕಿ ಇತ್ತು ಅಣ್ಣಾ. ಅಷ್ಟರಲ್ಲಿ ರಾಜನಿಗೆ ದನಿ ಕೊಡ್ತಿದ್ದ ನಿಮ್ಮ ಗೆಳೆಯ ತೀರ್ಕೊಂಡ್ರು.”

“ಗೊತ್ತಮ್ಮ.”

“ಅವರ ದನಿ ತೆಗೆಯೋಕೆ ಬರೋದು ನಿಮಗೊಬ್ಬರಿಗೇ.”

“ತಮಾಷೆಗೆ ಅಣಕಿಸ್ತಿದ್ದೆ. ಅವನೇ ಬಿದ್ದು ಬಿದ್ದು ನಗ್ತಿದ್ದ.”

“ನೀವು ಒಲ್ಲೆ ಅಂದ್ರೆ, ಅವರು ಹೇಳಿದ್ದೆಲ್ಲ ಅಳಿಸಿ ಬೇರೆಯವರ ಹತ್ರ ಹೇಳಿಸ್ತಾರಂತೆ.”

“ಅಳಿಸ್ಬೇಡಿ! ನಿನ್ನೆ ಹೆಡ್‌ಫೋನ್ ಹಾಕ್ಕೊಂಡೆ. ‘ಸೇನಾಪತಿ, ಇದ್ದೀಯಾ?’ ಅಂತ ಕಿವೀಲೇ ಕೇಳ್ದ. ‘ಇಲ್ಲೇ ಇದ್ದೇನೆ ಪ್ರಭು’ ಅಂದೆ. ಹನ್ನೆರಡು ಸಲ ಕೇಳ್ದ, ಹನ್ನೆರಡು ಸಲಾನೂ ಅಂದೆ.”

“ಅಣ್ಣಾ...”

“ಬಾಕಿ ಇರೋದು ಯಾವ ಮಾತಮ್ಮ?”

“‘ನಿನ್ನ ಸೇವೆ ಸಾಕು, ಇನ್ನು ಹೊರಡು.’”

“ಅದನ್ನೂ ನನಗೆ ನಾನೇ ಹೇಳ್ಕೋಬೇಕಾ?”

ಒಳಗಿನಿಂದ ಕರೆ ಬಂತು.

“ಬಂದೆ” ಎಂದಿತು ರಾಜಗಾಂಭೀರ್ಯದ ಒಂದು ತುಂಬು ಕಂಠ.

ಈ ಮೂರನೆಯವನು ಯಾವಾಗ ಬಂದನೆಂದು ಎಲೆಕ್ಟ್ರಿಷಿಯನ್ ಕೆಳಗೆ ಬಗ್ಗಿ ನೋಡಿದ. ಬೆಂಚಿನಿಂದ ಎದ್ದು ಹೋಗುತ್ತಿದ್ದವರು ಇಬ್ಬರೇ.