ವೈಫ್ ಆಫ್ ಅಬ್ದುಲ್ ಲತೀಫ್

...ಅದಕ್ಕೇ ಹೇಳ್ತಿರೋದು ಜಿಯಾವುಲ್ಲಾ, ಇಡೀ ಏಷ್ಯಾದಲ್ಲಿ ಕಂಪ್ಯೂಟರಿನ ಸಿ ಪ್ರೋಗ್ರಾಮನ್ನ ಬರೀ ಮೂಸಿ ನೋಡಿ, ಇಗೋ ಇಲ್ಲಿದೆ ತಪ್ಪು ಅಂತ ಬೆರಳಿಟ್ಟು ತೋರಿಸೋ ಗಂಡಸು ಅಂತ ಇದ್ರೆ ಅದು ಈ ಮುನಿಆಂಜನಪ್ಪ ಒಬ್ನೇ! ಜಪಾನಿನವ್ರು ಕಾಗದ ಬರೆದು ಕರೆದಿದ್ರು... ಸರಿ, ಸರಿ, ಹುಬ್ಬು ಇಳಿಸು ಮಾರಾಯ. ಸುಳ್ಳು. ಜಪಾನೂ ಇಲ್ಲ, ಕಾಗದಾನೂ ಇಲ್ಲ. ಮೂಸೋದು ನಾನಲ್ಲ, ಕಂಪನಿ ತರಿಸಿರೋ ಆ ಟೂಲು. ಅದು ಮೂಸಿದ್ದನ್ನ ಹಿಂದಿನಿಂದ ಒರೆಸ್ಕೊಂಡು ಬರೋನು ನಾನು.

ಕೂತ್ಕೋ. ಯಾಕೆ ನಿಂತೇ ಇದೀಯಾ? ಶುಕ್ರವಾರದ ನಮಾಜು ಮುಗಿಸಿ ಬಂದೋನು ಒಂದು ಚಾಯ್ ಕುಡಿದ್ರೆ ಆಫೀಸೇನೂ ಬಿದ್ದೋಗಲ್ಲ. ಭಾಯ್, ಎರಡು ಸುಲೇಮಾನಿ! ನಿಂಬೆಹಣ್ಣು ಧಾರಾಳವಾಗಿ ಹಿಂಡಿ.

ನಾನ್ಯಾಕೆ ಇಂದಿರಾನಗರ ಬಿಟ್ಟು ಶಿವಾಜಿನಗರಕ್ಕೆ ಬಂದೆ ಅಂತನಾ? ರಸೆಲ್ ಮಾರ್ಕೆಟ್‌ನಲ್ಲಿ ಮೀನು ತಗೊಳ್ಳೋಣ ಅಂತ. ಏನು? ಹೌದು, ನಮ್ಮನೇಲಿ ಮೀನು ತಿನ್ನಲ್ಲ. ಹಂಗಾದ್ರೆ ಹೂವು ಅನ್ಕೋ. ಮೊದಲಿಂದ್ಲೂ ನಿನಗೆ ಈ ಕೇಳೋ ಚಟ. ಅಗೋ ಅಲ್ಲಿ, ಆ ಕನ್ನಡಕದ ಅಂಗಡಿ ಮೇಲೆ ತಾನೇ ನಾವಿಬ್ರೂ ಸಿ ಕಲ್ತಿದ್ದು? ತೊಂಬತ್ತೆರಡೋ, ಮೂರೋ. ಆಗ್ಲೂ ಹಂಗೇ. ಮೇಷ್ಟ್ರಿಗೆ ನೀನೇ ಕೇಳ್ದೆ, ಸಾರ್, ಹೆಸರು ಜಾಗಕ್ಕಿಂತ ಉದ್ದ ಇದ್ರೆ ಏನ್ ಮಾಡೋದು ಅಂತ. ಮೇಷ್ಟ್ರೇನಂದ್ರು? ಅಷ್ಟುದ್ದ ಹೆಸರು ಯಾಕಪ್ಪಾ ಇಟ್ಕೋತೀರ ಅಂದ್ರು. ಕ್ಲಾಸೆಲ್ಲ ನಕ್ತು. ನೀನೂ ನಕ್ಕೆ. ಕೇಳಿದೋನೇ ನಕ್ಬಿಟ್ರೆ ಉತ್ತರ ಯಾರು ಹೇಳ್ತಾರೆ?

ಈಗ್ಲೂ ನಗ್ತಿದೀಯಲ್ಲ. ನಗು.

ಎರಡು ತಿಂಗಳಿಂದ ನನ್ನ ಕೆಲಸ ಏನು ಅಂತ ಗೊತ್ತಾ? ಟೀಮ್ ಲೀಡ್ ನೀನು, ನೀನೇ ಕೊಟ್ಟಿದ್ದು, ಆದ್ರೂ ಒಂದ್ಸಲವೂ ಪಕ್ಕ ಬಂದು ಕೂತು ನೋಡಿಲ್ಲ. ಆ ಟೂಲು ಪ್ರೋಗ್ರಾಮನ್ನ ಓಡಿಸೋದೇ ಇಲ್ಲ. ಸುಮ್ನೆ ಓದ್ತದೆ. ನಮ್ಮ ಕಗ್ಗದಾಸಪುರದ ರಾಮಲಕ್ಷ್ಮಮ್ಮ ಅತ್ತೆ ಥರ. ಜಗಲಿ ಬಿಟ್ಟು ಏಳಲ್ಲ, ಆದ್ರೆ ಬೀದೀಲಿ ಹೋಗೋ ಒಬ್ಬೊಬ್ಬನ್ನೂ ನೋಡಿ, ಇವ್ನು ಕುಡುಕ ಆಗ್ತಾನೆ, ಇವಳು ಓಡಿಹೋಗ್ತಾಳೆ, ಆ ಗೋಡೆ ಬೀಳತ್ತೆ... ಟೂಲೂ ಅಷ್ಟೇ. ಇಲ್ಲಿ ಅಳತೆ ನೋಡಿಲ್ಲ. ಇಲ್ಲಿ ಗಡಿ ದಾಟಬಹುದು. ದಾಟ್ತು ಅನ್ನಲ್ಲ, ದಾಟಬಹುದು ಅಂತದೆ. ಸಾವಿರಗಟ್ಟಲೆ. ಒಂದೊಂದನ್ನೂ ನಾನು ಓದ್ಬೇಕು, ನಿಜಾನೋ ಸುಳ್ಳೋ ಅಂತ ಗುಂಡಿ ಒತ್ಬೇಕು.

ಸುಳ್ಳು. ಸುಳ್ಳು. ಸುಳ್ಳು. ಮಧ್ಯಾಹ್ನ ಊಟ. ಸುಳ್ಳು. ಸುಳ್ಳು.

ಮೊದಮೊದಲು ಎದೆ ಹೊಡ್ಕೊಳೋದು ಕಣೋ, ಅಯ್ಯೋ, ಇದು ನಿಜ ಇದ್ರೆ? ಆಮೇಲೆ ಹೋಯ್ತು. ಕಾಲು ಜೋಮು ಹಿಡಿಯತ್ತಲ್ಲ, ಹಂಗೆ. ಇಲ್ಲಿ, ಎದೆ ಹತ್ರ. ಮನೇಲಿ ಕುಕ್ಕರ್ ಕೂಗಿದ್ರೆ ಸುಳ್ಳು ಅನ್ಸೋದು. ಹೋದ ವಾರ ನಮ್ಮ ಭವ್ಯ ಕೈ ಮೇಲೆ ಹಾಲು ಚೆಲ್ಕೊಂಡು, ಕುದಿಯೋ ಹಾಲು, ಅಪ್ಪಾ ಅಂತ ನನ್ನ ಮುಂದೆ ಬಂದು ನಿಂತ್ಲು. ನೋಡ್ದೆ. ಕೆಂಪಗಿತ್ತು. ನೋಡ್ತಾನೇ ಇದ್ದೆ. ಹಂಸ ಅಡಿಗೆಮನೆಯಿಂದ ಓಡಿ ಬಂದು ನನ್ನ ಪಕ್ಕಕ್ಕೆ ತಳ್ಳಿ ಮಗುನ ನಲ್ಲಿ ಹತ್ರ ಎಳ್ಕೊಂಡು ಹೋದ್ಲು. ನಾನು ಅಲ್ಲೇ ಕೂತಿದ್ದೆ.

ಇಲ್ಲ, ಇಲ್ಲ, ಚೆನ್ನಾಗಿದಾಳೆ. ಬೊಬ್ಬೆ ಎದ್ದಿತ್ತು, ಒಣಗ್ತಿದೆ. ಹಂಗೆ ಮುಖ ಮಾಡ್ಬೇಡ. ಚಾಯ್ ಬಂತು, ಕುಡಿ.

ಈಗ ಹೇಳು, ಪ್ರೋಗ್ರಾಮಲ್ಲಿ ನೀನು ಬರೆದಿರೋ ಆ ಸಾಲು, ಟೂಲು ನಿಜವಾಗ್ಲೂ ಹಿಡಿದಿದ್ದು. ಮತ್ತೆ ಅದೇನಾ ಅಂತ ತಲೆ ಅಲ್ಲಾಡಿಸ್ಬೇಡ. ಇನ್ನೊಂದೇ ಸಲ. ಹಲಸೂರಿನ ವಠಾರ ನೋಡಿದೀಯ ತಾನೇ? ಒಂದೇ ಸಾಲು, ಮನೆಗೂ ಮನೆಗೂ ಒಂದೇ ಗೋಡೆ. ನಮ್ಮ ಮೆಷಿನ್ನೂ ಹಂಗೇ. ಬ್ಲಡ್ ಬ್ಯಾಂಕಲ್ಲಿ ರಕ್ತದ ಪ್ಯಾಕೆಟ್ಟಿಗೆ ಅಂಟಿಸೋ ಚೀಟಿ ಹೊಡಿಯೋದು ಅದು. ಪೇಷಂಟಿನ ಹೆಸರಿಗೆ ಒಂದು ಮನೆ, ಇಪ್ಪತ್ತನಾಲ್ಕು ಅಕ್ಷರದ್ದು. ಪಕ್ಕದ ಮನೇಲಿ ಬ್ಲಡ್ ಗ್ರೂಪು. ನಿನ್ನ ಸಾಲು ಬಂದವ್ರನ್ನೆಲ್ಲ ಹೆಸರಿನ ಮನೆಗೆ ನುಗ್ಗಿಸ್ತದೆ, ಎಷ್ಟು ಜನ ಅಂತ ಎಣಿಸಲ್ಲ. ಜಾಸ್ತಿ ಆದವ್ರು ಗೋಡೆ ಒಡ್ಕೊಂಡು ಹೋಗಿ ಗ್ರೂಪಿನ ಮೇಲೆ ಮಲಗ್ತಾರೆ. ಆಗ ಗ್ರೂಪ್ ಓದಕ್ಕೆ ಬರಲ್ಲ. ಓದಕ್ಕೆ ಬರದಿದ್ರೆ ಮೆಷಿನ್ ಏನ್ ಮಾಡ್ತದೆ? ಸುಮ್ನಿರತ್ತಾ? ಹಿಂದಿನ ಚೀಟೀಲಿ ಯಾವ ಗ್ರೂಪಿತ್ತೋ ಅದನ್ನೇ ಹೊಡೆದು ಕೊಡ್ತದೆ. ಒಂದು ಬೀಪೂ ಇಲ್ಲ.

ಗೊತ್ತು, ಗೊತ್ತು, ಅದೇ ಅಂತೀಯ, ಇಪ್ಪತ್ತನಾಲ್ಕು ಅಕ್ಷರ ಮೀರಿದ ಹೆಸರು ಯಾರದು ಗುರು ಅಂತ. ಟೆಸ್ಟ್ ಮಾಡಿದ ಹುಡುಗರು ಎಬಿಸಿ ಅಂತ ಹೊಡೆದ್ರು, ಪಾಸಾಯ್ತು. ಆದ್ರೆ ನೀನು ಯಾವತ್ತಾದ್ರೂ ಆಸ್ಪತ್ರೆ ಕೌಂಟರ್‌ನಲ್ಲಿ ನಿಂತಿದೀಯೇನೋ? ನಮ್ಮಮ್ಮನ್ನ ಕರ್ಕೊಂಡು ಹೋಗಿದ್ದೆ. ಕೌಂಟರಿನೋನು ಹೆಸರು ಅಂದ, ಆಂಜನಮ್ಮ ಅಂದೆ. ಕ್ಯೂನಲ್ಲಿ ಇನ್ನೂ ನಾಲ್ಕು ಜನ ಆಂಜನಮ್ಮಂದಿರು ತಿರುಗಿ ನೋಡಿದ್ರು! ಯಾವ ಆಂಜನಮ್ಮ, ಯಾರ ಹೆಂಡ್ತಿ ಅಂದ ಅವ್ನು. ಅದೇ ಹೆಸರಿನ ಖಾನೇಲೇ ಹೊಡೆದ, ಆಂಜನಮ್ಮ ವೈಫ್ ಆಫ್ ಲೇಟ್ ದೊಡ್ಡಮುನಿಯಪ್ಪ. ನಮ್ಮೂರಲ್ಲಿ ಯಾವ ಹೆಂಗಸೂ ಕೌಂಟರ್ ಹತ್ರ ಒಬ್ಬಳೇ ನಿಲ್ಲಲ್ಲ ಕಣೋ, ಬದುಕಿರೋ ಗಂಡನೋ ಸತ್ತಿರೋ ಗಂಡನೋ ಅವಳ ಹೆಸರಿನ ಹಿಂದೇನೇ ನುಗ್ತಾನೆ. ಫಾರಿನ್ನಲ್ಲಿ ಕೂತು ಆ ಖಾನೆ ಅಳೆದವ್ರಿಗೆ ಅದೆಲ್ಲಿ ಗೊತ್ತು? ಅವರ ಕಡೆ ಹೆಸರು ಅಂದ್ರೆ ಬರೀ ಹೆಸರು.

ಏನು, ಮೊಬೈಲಾ? ಬೇಡ, ಬೇಡ. ಮಸೀದಿಗೆ ಅಂತ ಆಫ್ ಮಾಡಿದ್ದು ಇನ್ನೊಂಚೂರು ಹೊತ್ತು ಹಂಗೇ ಇರ್ಲಿ. ಮನೇಲಿ ಎಲ್ಲ ಚೆನ್ನಾಗಿದಾರೆ, ರಿಮ್ಶಾ ತಂಗಿ ಗಂಡನ್ನ ಹುಡುಕ್ಕೊಂಡು ಫೋನ್ ಮಾಡಿರಲ್ಲ. ನನಗೆ ಹೆಂಗೊತ್ತು? ಗೊತ್ತಿಲ್ಲ, ಸುಮ್ನೆ ಅಂದೆ. ಇಡು ಕೆಳಗೆ.

ಮೊನ್ನೆ ಮೆಷಿನ್ ಮುಂದೆ ಕೂತೆ. ಮೊದಲು ಹಂಸ ಅಂತ ಹೊಡೆದೆ, ಬಿ ಪಾಸಿಟಿವ್. ಸರಿಯಾಗೇ ಬಂತು. ಆಮೇಲೆ... ಕೋಪ ಮಾಡ್ಕೋಬೇಡ. ನಿಮ್ಮ ಅಮ್ಮಂದು ಹೊಡೆದೆ. ಶರ್ಫುನ್ನೀಸಾ ಬೇಗಂ ವೈಫ್ ಆಫ್ ಅಬ್ದುಲ್ ಲತೀಫ್. ಅವರದ್ದು ಓ ಅಲ್ವಾ? ಓ ಅಂತಾನೇ ಕೊಟ್ಟೆ. ಚೀಟಿ ಬಂತು, ನೀಟಾಗಿ, ಅಮ್ಮನ ಪೂರ್ತಿ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ ಬಿ.

ಈಗ ನಗಲ್ವಾ?

ಚೀಟಿ ಹರಿದು ಕೈಲಿಟ್ಕೊಂಡೆ. ನಿಮ್ಮಮ್ಮ ಹಬ್ಬಕ್ಕೆ ನನಗೆ ಅಂತಾನೇ ಖಾರ ಕಮ್ಮಿ ಹಾಕಿ ಬೇರೆ ಪಾತ್ರೇಲಿ ಅಡಿಗೆ ಮಾಡೋರು, ಎಷ್ಟು ವರ್ಷ... ಅದನ್ನೆಲ್ಲ ನೆನೆಸ್ಕೊಂಡೆ, ಬೇಕಂತಾನೇ ನೆನೆಸ್ಕೊಂಡೆ, ಏನಾದ್ರೂ ಅನ್ಸತ್ತಾ ಅಂತ. ಊಹೂಂ. ಗೋಡೆ ನೋಡ್ದಂಗಿತ್ತು. ಓ ಇರೋರಿಗೆ ಬಿ ಕೊಟ್ರೆ ಏನಾಗತ್ತೆ ಅನ್ನೋದು ಗೊತ್ತು. ಗೊತ್ತಷ್ಟೇ.

ತಂದು ನಿನಗೆ ತೋರಿಸ್ದೆ ತಾನೇ? ನೀನೇನಂದೆ? ಮುನಿ, ಈ ಚೀಟಿ ಎಲ್ಲಿ ಪ್ರಿಂಟ್ ಹಾಕಿಸ್ದೆ ಅಂದೆ! ಶ್ರೀನಾಥ್ ಹತ್ರ ಹೋದೆ. ಅವ್ರು ಮ್ಯಾನೇಜರ್ರು, ಹೊಟ್ಟೆ ಹಿಡ್ಕೊಂಡು ನಕ್ಕು, ಹೋದ ವರ್ಷ ಅರ್ಧ ದಿನ ರಜಾ ಅಂತ ಕಂಪನಿ ಸೀಲ್ ಹಾಕಿ ಸರ್ಕ್ಯುಲರ್ ಅಂಟಿಸಿದ್ದು ನೀವೇ ಅಲ್ವೇನ್ರೀ ಅಂದ್ರು. ಹೌದು, ನಾನೇ. ಮ್ಯಾಚ್ ದಿನ ಫೈರ್ ಬೆಲ್ ಒತ್ತಿ ಇಡೀ ಆಫೀಸನ್ನ ಎದುರುಗಡೆ ಟಿವಿ ಅಂಗಡಿ ಮುಂದೆ ನಿಲ್ಲಿಸಿದ್ದೂ ನಾನೇ. ಚೆನ್ನಾಗಿತ್ತಲ್ವಾ ಅವತ್ತು? ಆದ್ರೆ ಜಿಯಾ, ಇವತ್ತು ಆಫೀಸಲ್ಲಿ ನಿಜವಾಗ್ಲೂ ಬೆಂಕಿ ಬಿದ್ರೆ ನಾನು ಯಾರನ್ನ ಕರೀಲಿ? ನಾನೂ ಆ ಟೂಲೂ ಒಂದೇ. ಕೂಗ್ತಾನೇ ಇರ್ತೀವಿ. ನೀವು ಸುಳ್ಳು ಅಂತ ಒತ್ತಿ ಊಟಕ್ಕೆ ಹೋಗ್ತೀರ.

ಮುಂದಿನ ವರ್ಷನ್‌ನಲ್ಲಿ ಸರಿಮಾಡೋಣ ಅಂದೆ ನೀನು. ಈಗ ಒಂದು ಸಾಲು ಮುಟ್ಟಿದ್ರೆ ಟೆಸ್ಟಿಂಗೆಲ್ಲ ಮತ್ತೆ ಮೊದಲಿಂದ, ಸೋಮವಾರ ಆಸ್ಪತ್ರೆಗೆ ಮೆಷಿನ್ ಕೊಡಕ್ಕಾಗಲ್ಲ ಅಂದೆ. ಸೋಮವಾರ ಕೊಟ್ರೆ ಶ್ರೀನಾಥ್ ಕುರ್ಚಿಗೆ ನೀನು. ಯಾರೂ ಅದನ್ನ ಬಾಯಿ ಬಿಟ್ಟು ಹೇಳ್ಲಿಲ್ಲ, ಆದ್ರೆ ಎಲ್ರಿಗೂ ಗೊತ್ತು. ಹೊಟ್ಟೆಕಿಚ್ಚಾ? ನನಗಾ? ಅದಾದ್ರೂ ಆಗಿದ್ರೆ ಚೆನ್ನಾಗಿತ್ತು. ಹೊಟ್ಟೇಲಿ ಏನೋ ಒಂದು ಉರೀತಿದೆ ಅಂತ ಗೊತ್ತಾಗೋದು.

ಕೂತ್ಕೋ ಅಂದ್ನಲ್ಲ. ಎಲ್ಲಿಗೆ ಹೊರಟೆ? ಬೈಕು ಇಲ್ಲೇ ಇರತ್ತೆ. ಆನ್ ಮಾಡ್ಬೇಡ ಅಂದೆ ಅದನ್ನ... ಜಿಯಾ, ಒಂದು ಮಾತು... ಸರಿ. ಮಾಡು. ನಿನ್ನ ಫೋನು.

ಮೆಸೇಜು ಬರ್ತಿವೆಯಾ? ಒಂದರ ಹಿಂದೆ ಒಂದು ಕುಯ್ಯಿಗುಡ್ತಿದೆ. ಓದು. ಪೂರ್ತಿ ಓದು, ನಾನು ಕಾಯ್ತೀನಿ.

...

ಓದಿದ್ಯಾ?

ಬೈಯೋ. ನಿಮ್ಮ ದಖನಿ ಉರ್ದೂಲೇ ಬೈಯಿ, ಅದರಲ್ಲಿ ಚೆನ್ನಾಗಿ ಬೈತೀಯ... ಕ್ಲಾಸಿಗೆ ಲೇಟಾಗಿ ಬಂದ್ರೆ ಮೆಟ್ಟಿಲ ಮೇಲಿಂದ್ಲೇ ಶುರು ಮಾಡ್ತಿದ್ಯಲ್ಲ. ಜಿಯಾ?

ಹೌದು. ನಾನೇ. ಮೀನೂ ಇಲ್ಲ, ಹೂವೂ ಇಲ್ಲ. ನೀನು ನಮಾಜಿಗೆ ಹೊರಟೆ, ಕಂಪ್ಯೂಟರ್ ಲಾಕ್ ಮಾಡ್ಲಿಲ್ಲ. ಲಾಕ್ ಮಾಡ್ದೆ ಎದ್ದುಹೋದವ್ರ ಹೆಸರಲ್ಲಿ ನಾಳೆ ಎಲ್ರಿಗೂ ನನ್ನದೇ ಬಿರಿಯಾನಿ ಅಂತ ಮೇಲ್ ಕಳಿಸೋದು ನಮ್ಮ ಆಫೀಸಿನ ಪದ್ಧತಿ ತಾನೇ? ನಾನು ಬಿರಿಯಾನಿ ಅಂತ ಬರೀಲಿಲ್ಲ. ಆಸ್ಪತ್ರೆಯವ್ರಿಗೆ ಬರೆದೆ. ಸೋಮವಾರ ಬರೋ ಮೆಷಿನ್ ತಗೋಬೇಡಿ, ಹೆಸರು ಉದ್ದ ಆದ್ರೆ ಗ್ರೂಪ್ ತಪ್ಪಾಗಿ ಬರತ್ತೆ, ತಪ್ಪು ನಾನು ಬರೆದ ಸಾಲಿನಲ್ಲಿದೆ, ಕ್ಷಮಿಸಿ. ಕೆಳಗೆ ನಿನ್ನ ಹೆಸರು. ಶ್ರೀನಾಥ್‌ಗೂ ಒಂದು ಕಾಪಿ. ಕಳಿಸಿ ನೇರ ಇಲ್ಲಿಗೆ ಬಂದೆ. ನೀನು ಒಬ್ಬನೇ ಇರೋವಾಗ ಇದನ್ನ ಓದ್ಬಾರ್ದು ಅಂತ... ಇಲ್ಲ, ಅದೂ ಸುಳ್ಳು. ಯಾಕೆ ಬಂದೆನೋ, ನನಗೇ ಗೊತ್ತಿಲ್ಲ.

ಗೊತ್ತಾ, ನಾನು ನಿನ್ನ ಕುರ್ಚಿಯಿಂದ ಏಳೋಷ್ಟರಲ್ಲಿ ಉತ್ತರ ಬಂದಿತ್ತು. ಥ್ಯಾಂಕ್ಸ್ ಜಿಯಾವುಲ್ಲಾ, ಮೆಷಿನ್ ತಗೊಳ್ಳೋದು ನಿಲ್ಲಿಸ್ತೀವಿ ಅಂತ. ಎರಡು ಗೆರೆ. ಒಂದು ಪ್ರಶ್ನೇನೂ ಕೇಳ್ಲಿಲ್ಲ. ನಿನ್ನ ಹೆಸರನ್ನ ಹಂಗೆ ನಂಬ್ತಾರೆ ಕಣೋ. ಅದಕ್ಕೇ ತಗೊಂಡೆ. ನನ್ನ ಹೆಸರು ಹಾಕಿದ್ರೆ ನಗು ಬರ್ತಿತ್ತು, ಅಷ್ಟೇ.

ಇನ್ನೂ ಕೆಟ್ಟಿಲ್ಲ. ನಿನಗೆ, ಅಂದ್ರೆ. ಅದು ಮುನಿಯ ಕೀಟಲೆ ಅಂತ ಒಂದು ಮಾತು ಹೇಳು ಸಾಕು. ಎಲ್ರೂ ನಂಬ್ತಾರೆ. ಶ್ರೀನಾಥ್ ಆಸ್ಪತ್ರೆಗೆ ಫೋನ್ ಮಾಡಿ ನಕ್ಕು ಸಾರಿ ಕೇಳ್ತಾರೆ, ನನ್ನನ್ನ ಕೆಲಸದಿಂದ ತೆಗೆದು ಮನೆಗೆ ಕಳಿಸ್ತಾರೆ, ಸೋಮವಾರ ಮೆಷಿನ್ ಹೋಗತ್ತೆ, ನೀನು ಆ ಕುರ್ಚೀಲಿ ಕೂರ್ತೀಯ. ಹೆಂಗಸರು ಕ್ಯೂನಲ್ಲಿ ನಿಂತು ಯಾರ ಹೆಂಡ್ತಿ ಅಂತ ಹೇಳ್ತಾರೆ. ಹೇಳೋದು ನಿನ್ನಿಷ್ಟ. ನಾನು ಇನ್ನೊಂದು ಸಲ ಕೂಗಲ್ಲ. ಕೂಗೋದು ಮುಗೀತು.

ಫೋನ್ ಹೊಡ್ಕೋತಿದೆ ನೋಡು. ಶ್ರೀನಾಥ್ ತಾನೇ?

ನನ್ನ ಮುಖ ಯಾಕೆ ನೋಡ್ತೀಯ, ಅಲ್ಲೇನೂ ಇಲ್ಲ. ಎತ್ತು, ಮಗಾ. ಅಲ್ಲ, ತಡಿ... ಎತ್ತೋ ಮುಂಚೆ ಈ ಎರಡು ಚಾಯ್‌ದು ದುಡ್ಡು ನೀನೇ ಕೊಟ್ಬಿಡು. ಎತ್ತಿದ ಮೇಲೆ ನನಗೆ ಕೊಡಿಸ್ತೀಯೋ, ಇಲ್ವೋ.