ಗಾಳಿ ಗೆದ್ದ ಟೆಂಪೋ

ಇಲ್ಲ ಕಮಲಾಕ್ಷ ಭಾವ, ಹೋಟೆಲಿನ ಗಲ್ಲಾ ಮುಟ್ಟಿ ಹೇಳ್ತೇನೆ, ಇದು ನಡೆದದ್ದೇ. ನನ್ನ ಮೊಮ್ಮಗಳು ದಿಶಾ ಐರೋಲಿಯ ಆಫೀಸಲ್ಲಿ, ಕಂಪ್ಯೂಟರ್ ಒಳಗೆ ನಮ್ಮಿಬ್ಬರ ಎರಡೂ ಟೆಂಪೋಗೆ ಗಾಳಿ ಬಿಟ್ಟು ನೋಡಿದ್ದಾಳೆ. ಎಂತಕ್ಕೆ ನಗುದು? ಅವಳ ಕೆಲಸವೇ ಅದು ಮಾರಾಯ. ಗಾಳಿ ಎಷ್ಟು ತಡೀತದೆ ಅಂತ ಒಂದು ನಂಬರು ಬರ್ತದೆ. ಕಡಿಮೆ ಬಂದಷ್ಟೂ ಒಳ್ಳೇದು.

ಪಂಥ ನೆನಪುಂಟಲ್ಲ? ನನ್ನ ಟೆಂಪೋದ ಮಾಡಿನ ಮೇಲೆ ನಾನು ಹೋಟೆಲಿನ ಬೋರ್ಡು ನಿಲ್ಸಿದ್ದಕ್ಕೆ ನೀನು ಶಹಾಡಿನ ಮನೆಯಿಂದ ಬಂದು ಗೇಲಿ ಮಾಡಿದ್ದಿ, ಗಾಳಿ ಹಿಡಿದು ಡೀಸೆಲ್ ಕುಡೀತದೆ ಅಂತ. ಯಾರ ಟೆಂಪೋವನ್ನು ಗಾಳಿ ಕಡಿಮೆ ತಡೀತದೋ ಅವ ಗೆದ್ದ, ಸೋತವ ಗೆದ್ದವನ ಹೋದ ತಿಂಗಳ ಡೀಸೆಲ್ ದುಡ್ಡು ಕೊಡ್ಬೇಕು. ಈಗ ಕೇಳು. ನಿನ್ನದು ಪಾಯಿಂಟ್ ಏಳು. ನನ್ನದು ಪಾಯಿಂಟ್ ನಾಲ್ಕು ನಾಲ್ಕು. ಹೇಗೆ?

ಎಂತ? ನಂಬರು ಹೇಗೆ ಬಂತು ಅಂತಲಾ? ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವ ಅಂತ ಪರೀಕ್ಷೆ ಮಾಡ್ತಿಯಾ ನನ್ನನ್ನು? ಗಾಳಿ ಟೆಂಪೋವನ್ನು ಹಿಂದೆ ದೂಡ್ತದಲ್ಲ, ಆ ಬಲವನ್ನು ಗಾಳಿಯ ವೇಗದ ಲೆಕ್ಕದಿಂದ, ಮತ್ತೆ ಟೆಂಪೋದ ಒಂದು ಏರಿಯಾದಿಂದ ಭಾಗಿಸುದು. ಏರಿಯಾ ದೊಡ್ಡದಾದ್ರೆ ನಂಬರು ಸಣ್ಣದು. ಯಾವ ಏರಿಯಾ ಅಂತ ನಾವೇ ಹೇಳ್ಬೇಕು. ಎದುರಿಂದ ಕಾಣುವ ಮುಖವೂ ಆಗ್ತದೆ, ಮೇಲಿಂದ ಕಾಣುವ ಮಾಡು, ಛಾವಣಿ, ಅದೂ ಆಗ್ತದೆ. ವಿಮಾನದ ರೆಕ್ಕೆಗೆ ಮೇಲಿಂದಲೇ ಅಂತೆ. ನಿನ್ನದಕ್ಕೆ ಮುಖ.

ನನ್ನದಕ್ಕಾ? ನನ್ನದಕ್ಕೆ... ಮೇಲಿನ ಮಾಡು.

ಹಾಗೆ ನೋಡ್ಬೇಡ. ಸುಳ್ಳು ಹೇಳಿದೆನಾ ನಾನು? ಒಂದು ದಿನ ನಿನ್ನದಕ್ಕೆ ಮುಖ ಹಿಡಿದು ಕೇಳಿದೆ, ಇನ್ನೊಂದು ದಿನ ನನ್ನದಕ್ಕೆ ಮಾಡು ಹಿಡಿದು. ಕೇಳಿದ್ದು ಕೊಟ್ಟಳು ಹುಡುಗಿ. "ಅಜ್ಜ, ಏರಿಯಾ ಹೇಳದೆ ಬರೀ ನಂಬರು ಯಾರಿಗೂ ಹೇಳ್ಬೇಡಿ" ಅಂತಲೂ ಹೇಳಿದ್ಳು. ಹೇಳಿದೆನಲ್ಲ ಈಗ?

ಚಾ ಆರ್ತದೆ, ಕುಡಿ. ಬೈಯಿ ಮಾರಾಯ, ಎರಡು ಬೈದು ಮುಗಿಸು. ಹೀಗೆ ಚಾ ಬದಿಗೆ ಸರಿಸಿದ್ರೆ ನಾನೆಂತ ಮಾಡುದು...

ಸರಿ. ಏರಿಯಾ ಬಿಟ್ಟು ಬರೀ ದೂಡುವ ಬಲ ನೋಡಿದ್ರೆ, ಅರವತ್ತರ ಸ್ಪೀಡಲ್ಲಿ ಗಾಳಿ ನಿನ್ನದನ್ನು ನಲವತ್ತೊಂದು ಕಿಲೋ ಭಾರದಷ್ಟು ದೂಡ್ತದೆ. ನನ್ನದನ್ನು ಐವತ್ತು. ಆ ಬೋರ್ಡಿಂದಲೇ. ಮನೆಯಲ್ಲಿ ನಿನ್ನ ಅಕ್ಕನಿಗೆ ಮಾತ್ರ ಹೇಳ್ಬೇಡ, ಬೋರ್ಡು ಬೇಡ ಅಂತ ಅವಳೂ ಹೇಳಿದ್ಳು.

ಎಂತ ಅದು ಕಿಸೆಯಿಂದ ತೆಗೀತಿರುದು? ನಿನ್ನ ಹೋದ ತಿಂಗಳ ಡೀಸೆಲ್ ಬಿಲ್ಲಾ? ಮೊದಲೇ ಕೂಡಿಸಿ ತಂದಿದ್ದೀಯಾ, ಕಳ್ಳ? ಕೊಡು ಇಲ್ಲಿ, ನೋಡ್ತೇನೆ.

ಎಂಟು ಸಾವಿರದ ನೂರ ಎಪ್ಪತ್ತೆರಡು ರೂಪಾಯಿ.